ಬಾಗಿಲ ಹಿಂದಿನ ದನಿ

ಸಣ್ಣ ಕೋಣೆಯೊಳಗೆ ಗಂಡಸಿನ ದನಿ ಕೇಳಿಸಿದಾಗ ಅವನು ಇನ್ನೂ ಚಪ್ಪಲಿ ಕಳಚಿರಲಿಲ್ಲ. ಗಡುಸು ದನಿ, ಎಳೆದೆಳೆದು ಆಡುವ ಮಾತು. ಮೊದಲ ಪದ ಗೊರಗೊರ ಸದ್ದಿನಲ್ಲಿ ಕಳೆದುಹೋಯಿತು. ಆಮೇಲಿನದು ಚೆನ್ನಾಗಿಯೇ ಕೇಳಿಸಿತು.

"...ಹೇಳ್ಬೇಡ. ನಾನು ಬಾಗಿಲ ಹಿಂದೆ ಇದ್ದೀನಿ."

ಬಾಗಿಲು ಒದ್ದು ಒಳಗೆ ನುಗ್ಗಿದ. ಬಾಗಿಲ ಹಿಂದೆ ಯಾರೂ ಇರಲಿಲ್ಲ. ಹೆಂಡತಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಕೀಲಿ ಕೊಡುವ ಹಳೆಯ ಗ್ರಾಮಫೋನು. ಅವಳ ಅಣ್ಣ ತನ್ನ ಧ್ವನಿಮುದ್ರಣದ ಅಂಗಡಿ ಮುಚ್ಚುವಾಗ ಕೊಟ್ಟುಹೋದದ್ದು. ಮೇಲೆ ಹೆಸರು ಬರೆಯದ ಒಂದು ಪ್ಲೇಟು ನರಳುತ್ತ ತಿರುಗುತ್ತಿತ್ತು. ಅವಳು ನೀಟಾಗಿ ತಲೆ ಬಾಚಿಕೊಂಡಿದ್ದಳು. ಮುಖದಲ್ಲಿ ನಗು ಇನ್ನೂ ಒಂದಿಷ್ಟು ಉಳಿದಿತ್ತು. ಆ ನಗು ಕಂಡು ಅವನಿಗೆ ಎಷ್ಟು ಕಾಲವಾಗಿತ್ತೋ.

"ಯಾರವನು?"

"ಹೇಳೋ ಹಾಗಿಲ್ಲ. ನಿಮ್ಮಾಣೆ."

ತನ್ನ ಮೇಲೆಯೇ ಆಣೆ! ಅವನಿಗೆ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಅವನು ತನ್ನ ಮನೆಯಲ್ಲೇ ಪತ್ತೇದಾರನಾದ. ಟ್ರಂಕಿನ ತಳದಲ್ಲಿ ಅವಳು ಕೈಯಾರೆ ಹೊಲಿದ ಹೊಸ ಅಂಗಿ ಸಿಕ್ಕಿತು. ಹಾಕಿ ನೋಡಿದ, ತೋಳು ಬೆರಳುಗಳನ್ನೂ ಮುಚ್ಚಿತು. ಸಣ್ಣ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ, ಹಿಂದೊಮ್ಮೆ ಅವನೇ ಬಣ್ಣ ಬಳಿದಿದ್ದ ಕಡೆ, ಪೆನ್ಸಿಲ್ಲಿನ ಗೆರೆಯೊಂದು ಕಂಡಿತು. ಅದಕ್ಕೆ ಬೆನ್ನು ಕೊಟ್ಟು ನಿಂತ. ಗೆರೆ ಅವನ ನೆತ್ತಿಗಿಂತ ಎರಡು ಬೆರಳು ಮೇಲಿತ್ತು. ಅಂದರೆ ತನಗಿಂತ ಎತ್ತರದವನೊಬ್ಬ ಇಲ್ಲಿ ನಿಂತಿದ್ದಾನೆ. ಅವಳು ತುದಿಗಾಲಲ್ಲಿ ನಿಂತು, ಅವನ ನೆತ್ತಿಯ ಮೇಲೆ ಅಂಗೈ ಇಟ್ಟು ಗುರುತು ಹಾಕಿದ್ದಾಳೆ. ಇಷ್ಟು ವರ್ಷ ಜೊತೆಗೆ ಬಾಳಿದವಳು ಕೈತಪ್ಪಿ ಹೋಗುತ್ತಿದ್ದಳು; ಯಾರ ಪಾಲಿಗೆಂಬುದು ಮಾತ್ರ ತಿಳಿಯದು.

ಅವಳು ಹೊಲಿಗೆ ಕೆಲಸಕ್ಕೆ ಹೋದ ಹೊತ್ತು ನೋಡಿ ಗ್ರಾಮಫೋನನ್ನು ಹೊತ್ತು, ಪ್ಲೇಟನ್ನು ಕಂಕುಳಲ್ಲಿ ಅವುಚಿಕೊಂಡು ರಿಪೇರಿಯವನ ಬಳಿಗೆ ಹೋದ.

"ದನಿ ನೆಟ್ಟಗೆ ಕೇಳ್ಬೇಕು. ಯಾರದ್ದು ಅಂತ ಗೊತ್ತಾಗೋ ಹಾಗೆ."

"ಯಾಕೆ ಸ್ವಾಮಿ, ಪೊಲೀಸಿಗೆ ಹಿಡಿದುಕೊಡ್ತೀರಾ?" ರಿಪೇರಿಯವನು ನಗುತ್ತ ಸ್ಕ್ರೂ ಬಿಚ್ಚಿದ. ಸ್ಪ್ರಿಂಗಿನ ಡಬ್ಬಿ ತೆರೆದು ಮೂಗು ಮುರಿದ. ಗ್ರೀಸು ಒಣಗಿ ಅಂಟಾಗಿತ್ತು. "ನೋಡಿ, ಸುರುಳಿ ಸುರುಳಿ ಕಚ್ಕೊಂಡು ಕೂತಿದೆ. ಪಾಪ, ಏದುಸಿರು ಬಿಟ್ಕೊಂಡು ತಿರುಗ್ತಿತ್ತು. ಇದು ನಿನ್ನೆ ಮೊನ್ನೆಯದಲ್ಲ, ವರ್ಷ ವರ್ಷ ಒಂದಿಷ್ಟು ನಿಧಾನ ಆಗ್ತಾ ಬಂದಿದೆ. ನಿಧಾನ ಆದಷ್ಟೂ ದನಿ ದಪ್ಪ ಆಗುತ್ತೆ. ದಿನಾ ಕೇಳೋರಿಗೆ ಗೊತ್ತಾಗಲ್ಲ ಬಿಡಿ. ಮಕ್ಕಳು ಬೆಳೆಯೋದು ಮನೆಯವರಿಗೆ ಗೊತ್ತಾಗಲ್ವಲ್ಲ, ಹಾಗೆ."

ಅವನು ಮುಖ ತಿರುಗಿಸಿ ಬೀದಿ ನೋಡತೊಡಗಿದ.

ರಿಪೇರಿಯವನು ಸ್ಪ್ರಿಂಗನ್ನು ಮೆಲ್ಲಮೆಲ್ಲಗೆ ಹೊರಗೆಳೆದ. ಕೈ ಜಾರಿದರೆ ಬೆರಳು ಸೀಳುವಂಥದ್ದು. ಸೀಮೆಎಣ್ಣೆಯಲ್ಲಿ ತೊಳೆದ. ಸವೆದ ತುದಿ ಕತ್ತರಿಸಿ, ಕಾಯಿಸಿ, ಹೊಸ ಕೊಕ್ಕೆ ಬಗ್ಗಿಸಿದ. ಹೊಸ ಗ್ರೀಸು ಬಳಿದು ಮತ್ತೆ ಸುತ್ತಿದ. ವೇಗವನ್ನು ಹತೋಟಿಯಲ್ಲಿಡುವ ಪುಟ್ಟ ಗುಂಡುಗಳಿಗೆ ಎಣ್ಣೆ ಬಿಟ್ಟ. ಕೀಲಿ ಕೊಟ್ಟಾಗ ತಟ್ಟೆ ಸದ್ದಿಲ್ಲದೆ, ಸಲೀಸಾಗಿ ತಿರುಗಿತು.

ಅಷ್ಟರಲ್ಲಿ ಸಂಜೆಯಾಗಿತ್ತು. ಅವಳು ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯೂ ಅದೇ. ಗ್ರಾಮಫೋನು ಕಣ್ಣಿಗೆ ಬಿದ್ದದ್ದೇ ತಡ, ಅಂಗಡಿಯೊಳಗೆ ಓಡಿಬಂದಳು. ಕೈಚೀಲ ಹೊಸ್ತಿಲಲ್ಲೇ ಜಾರಿ ಬಿತ್ತು.

"ಬಿಚ್ಚಿಬಿಟ್ರಾ?"

"ಬಿಚ್ಚಿ, ತೊಳೆದು, ಸರಿ ಮಾಡಿದ್ದೂ ಆಯ್ತು ತಾಯಿ. ಇನ್ನು ಕುದುರೆ ಹಾಗೆ ಓಡುತ್ತೆ."

"ಮೊದಲಿದ್ದ ಹಾಗೇ ಮಾಡ್ಕೊಡಿ ಅಣ್ಣಾ. ಆ ಹಳೇ ಗ್ರೀಸೇ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಿ."

ರಿಪೇರಿಯವನ ನಗು ಅರ್ಧಕ್ಕೇ ನಿಂತಿತು. ಕೆಡಿಸಿಕೊಡಿ ಎಂದು ಅವನ ಅಂಗಡಿಗೆ ಈವರೆಗೆ ಯಾರೂ ಬಂದಿರಲಿಲ್ಲ.

ಅವಳು ಗಂಡನ ಕೈ ಹಿಡಿದಳು. "ಪ್ಲೇಟು ಹಾಕ್ಬೇಡಿ ರೀ. ಹಾಕಿದ್ರೆ ಅವನು ಹೊರಟುಹೋಗ್ತಾನೆ."

"ಹೋಗಲಿ," ಎಂದು ಅವನು ಕೈ ಕೊಡವಿದ. "ಹೋಗೋ ಮುಂಚೆ ಯಾರು ಅಂತ ನೋಡೇಬಿಡ್ತೀನಿ."

ಮುಳ್ಳನ್ನು ಪ್ಲೇಟಿನ ಮೇಲೆ ಇಟ್ಟ. ಗಡುಸು ದನಿ ಬರಲಿಲ್ಲ.

"ಅಪ್ಪಂಗೆ ಹೇಳ್ಬೇಡ," ಎಂದಿತು ಒಂದು ಎಳೆಯ ದನಿ, ನಗು ತಡೆಯಲಾರದೆ. "ನಾನು ಬಾಗಿಲ ಹಿಂದೆ ಇದ್ದೀನಿ."

ಆರನೇ ವಯಸ್ಸಿಗೇ ಜ್ವರದಲ್ಲಿ ತೀರಿಕೊಂಡ ಮಗ. ಅವನ ಬಟ್ಟೆ, ಆಟದ ಸಾಮಾನು ಎಲ್ಲವನ್ನೂ ಒಂದೇ ದಿನದಲ್ಲಿ ಮನೆಯಿಂದಾಚೆ ಹಾಕಿ, ಚೌಕಟ್ಟಿನ ಗೆರೆಗಳ ಮೇಲೆ ಬಣ್ಣ ಬಳಿದು, ಇನ್ನು ಈ ಮನೆಯಲ್ಲಿ ಆ ಹೆಸರು ಎತ್ತಕೂಡದೆಂದು ಹೆಂಡತಿಯಿಂದ ತನ್ನ ಮೇಲೆ ಆಣೆ ಮಾಡಿಸಿಕೊಂಡವನು ಅವನೇ. ಅವನು ಅಂಗಡಿಯ ನೆಲದ ಮೇಲೆಯೇ ಕೂತುಬಿಟ್ಟ.

"ಇಷ್ಟು ವರ್ಷ ಕಾದು ಅವನನ್ನ ದೊಡ್ಡವನು ಮಾಡಿದ್ದೆ ರೀ," ಎಂದಳು ಅವಳು. "ನಿಮಗಿಂತ ಎತ್ತರ ಬೆಳೆದಿದ್ದ."