ಕಾವು ಬಿಟ್ಟ ಹೇಂಟೆ

ಶಿವನಂಜಿ ತವರಿಂದ ತಂದ ಹೇಂಟೆ ಒಂಬತ್ತು ಮೊಟ್ಟೆಗಳ ಮೇಲೆ ಕಾವಿಗೆ ಕೂತು ಇಪ್ಪತ್ತು ದಿನವಾಗಿತ್ತು. ಎರಡು ದಿನದಿಂದ ಮಾತ್ರ ಅದು ಗಳಿಗೆಗೊಮ್ಮೆ ಬುಟ್ಟಿ ಬಿಟ್ಟು ಎದ್ದು ಹೋಗುತ್ತಿತ್ತು.

“ಇನ್ನೊಂದ್ಸಲ ಎದ್ರೆ ಕುಯ್ದಾಕ್ತೀನಿ. ನಿಮ್ಮನೆಯೋರಿಗೆ ಒಂದ್ಕಡೆ ನಿಲ್ಲೋದೇ ಗೊತ್ತಿಲ್ಲ,” ಎನ್ನುತ್ತಾ ಅತ್ತೆ ಮಚ್ಚು ಮಸೆದಳು. ಮಾತು ಕೋಳಿಗಷ್ಟೇ ಅಲ್ಲವೆಂದು ಶಿವನಂಜಿಗೆ ತಿಳಿಯಿತು.

ಮಧ್ಯಾಹ್ನ ಅವಳು ಹೊಲದಿಂದ ಬಂದಾಗ ಹಿತ್ತಿಲ ತುಂಬ ಪುಕ್ಕ ಹಾರಾಡುತ್ತಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ.

ಅತ್ತೆ ಆ ಸೆಕೆಯಲ್ಲೂ ಕಂಬಳಿ ಹೊದ್ದು ಮೂಲೆಯಲ್ಲಿ ಮಲಗಿದ್ದಳು.

“ಮೊಟ್ಟೆ ಏನ್ ಮಾಡಿದ್ರಿ ಅತ್ತೆ?” ಶಿವನಂಜಿ ಅಳುತ್ತಾ ಕಂಬಳಿಗೆ ಕೈಹಾಕಿದಳು.

“ಎಳೀಬೇಡ ಕಣೇ, ತಣ್ಣಗಾಗ್ತವೆ,” ಅತ್ತೆ ಅಲುಗಾಡದೆ ಪಿಸುಗುಟ್ಟಿದಳು. “ಹೊಟ್ಟೆ ಹತ್ರ ಎರಡು ಆಗ್ಲೇ ಚಿಂವ್ ಅಂತಿವೆ.”