ಕಟ್ಟಿಟ್ಟ ಚೀಲ

ಹೊಳೆ ಊರೊಳಗೆ ನುಗ್ಗಿದಾಗ ಅಡಿವೆಪ್ಪನೂ ಸೇರಿ ಎಲ್ಲರೂ ಉಟ್ಟ ಬಟ್ಟೆಯಲ್ಲೇ ಓಡಿದ್ದರು. ಅವನ ಹೆಂಡತಿ ನೀಲವ್ವ ಮಾತ್ರ ಒಂದು ಕೈಯಲ್ಲಿ ಮಗಳನ್ನು, ಇನ್ನೊಂದರಲ್ಲಿ ಮೊದಲೇ ಕಟ್ಟಿಟ್ಟಿದ್ದ ಚೀಲವನ್ನು ಹಿಡಿದು ದೋಣಿ ಹತ್ತಿದ್ದಳು.

ಮೂರನೆಯ ದಿನ ಅವರೆಲ್ಲ ತಂಗಿದ್ದ ಕಾಳಜಿ ಕೇಂದ್ರಕ್ಕೆ ಊರಿನ ಲೆಕ್ಕಪತ್ರ ನೋಡುವ ತಲಾಠಿ ಬಂದು, ಮನೆ ಕಳಕೊಂಡವರ ಹೆಸರು ಬರೆಯತೊಡಗಿದ. ಬೇರೆ ಯಾರ ಬಳಿಯೂ ಕಾಗದಪತ್ರವಿರಲಿಲ್ಲ. ಅಡಿವೆಪ್ಪ ಚೀಲ ಎತ್ತಿಕೊಂಡು, ಜನರನ್ನು ನೂಕುತ್ತ ಮುಂದೆ ಹೋದ.

“ನಮ್ಮಾಕಿ ಎಲ್ಲಾ ತಂದಾಳ್ರೀ ಸಾಹೇಬ್ರ! ಪ್ಲಾಸ್ಟಿಕ್‌ನ್ಯಾಗ ಸುತ್ತಿ ಇಟ್ಟಿದ್ಳು.”

ತಲಾಠಿ ಒಂದೊಂದೇ ತೆಗೆದು ನೋಡಿದ. ನೀಲವ್ವನ ಆಧಾರ್, ಮಗಳ ಆಧಾರ್, ಮಗಳ ಶಾಲೆಯ ದಾಖಲೆ.

“ಶಾಣ್ಯಾ ಹೆಣ್ಮಗಳು. ಇವ್ರಿಬ್ಬರಿಗೆ ಇವತ್ತ ತಗಡಿನ ಶೆಡ್ ಬರಕೊಡ್ತೀನಿ. ನಿಂದೂ ಕೊಡಪಾ.”

ಅಡಿವೆಪ್ಪ ಚೀಲದ ತಳದವರೆಗೂ ಕೈಯಾಡಿಸಿದ. ಎರಡು ಸೀರೆ, ಮಗಳ ಎರಡು ಲಂಗ. ಮತ್ತೆ ಮೊದಲಿನಿಂದ ಹುಡುಕಿದ. ಹಿಂದೆ ನಿಂತವರು ಗೊಣಗತೊಡಗಿದರು. ಅವನು ಹೆಂಡತಿಯತ್ತ ತಿರುಗಿದ.

“ನಂದೆಲ್ಲಿ ಐತಿ? ಹೊಳಿ ಬರ್ತೈತಂತ ಚೀಲಾ ಕಟ್ಟುವಾಗ ಗಂಡನ ನೆನಪ ಆಗ್ಲಿಲ್ಲೇನು?”

ನೀಲವ್ವ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹೊಳಿಗೆ ಅಂಜಿ ಕಟ್ಟಿದ್ದಲ್ರಿ ಇದು. ನಿಮಗ ಅಂಜಿ ಕಟ್ಟಿದ್ದು.”