ಗುರುವಾರದ ಕೋರಿಕೆ

ಆ ಗಾಯಕಿಯ ಹೆಸರು ಕೇಳದವರಿರಲಿಲ್ಲ. ಆದರೆ ಅವಳು ಹಾಡಿದ ಆ ಒಂದು ವಿರಹಗೀತೆ ಮಾತ್ರ ಯಾರಿಗೂ ನೆನಪಿರಲಿಲ್ಲ. ರೇಡಿಯೋದ ಗುರುವಾರದ ಕಾರ್ಯಕ್ರಮಕ್ಕೆ ಅದನ್ನೇ ಕೋರಿ ಕಾರ್ಡು ಬರೆಯುತ್ತಿದ್ದವನು ಒಬ್ಬನೇ, ಹೊಳಲ್ಕೆರೆಯ ತಿಪ್ಪೇಸ್ವಾಮಿ. ಹನ್ನೊಂದು ವರ್ಷ ಒಂದು ವಾರವೂ ತಪ್ಪಿಸಿರಲಿಲ್ಲ. ಉದ್ಘೋಷಕಿ ಅಂಬುಜಾಕ್ಷಿ ಹಾಡು ಹಾಕಿ, ಅವನನ್ನು ಬಿಟ್ಟುಹೋದವಳು ಯಾರಿರಬಹುದೆಂದು ಯೋಚಿಸುತ್ತ, ತನ್ನನ್ನು ಬಿಟ್ಟುಹೋದವನನ್ನು ನೆನೆಯುತ್ತ ಕೂರುತ್ತಿದ್ದಳು.

ನಿವೃತ್ತಿಯಾದ ವಾರವೇ ಬಸ್ಸು ಹತ್ತಿ, ವಿಳಾಸ ಹುಡುಕಿಕೊಂಡು ಹೋದಳು. ಊರಾಚೆ, ರೈಲ್ವೆ ಗೇಟಿನ ಪಕ್ಕ ಒಂದು ಒಂಟಿ ಕೋಣೆ. ದನಿಯಿಂದಲೇ ಅವಳ ಗುರುತು ಹಿಡಿದ ಮುದುಕ ಗಡಿಬಿಡಿಯಿಂದ ಕುರ್ಚಿ ಒರೆಸಿದ.

"ಆ ಹಾಡು ಕೇಳಿದ್ರೆ ಯಾರು ನೆನಪಾಗ್ತಾರೆ, ತಿಪ್ಪೇಸ್ವಾಮಿಯವರೇ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಯಾರೂ ಇಲ್ಲ ಬಿಡಿ ಅಮ್ಮಾರೆ. ಹಾಡು ಶುರುವಾಗ್ತಿದ್ದಂಗೆ ರೇಡಿಯೋ ಬಂದ್ ಮಾಡ್ಬಿಡ್ತಿದ್ದೆ."

"ಮತ್ಯಾಕೆ ಕಾರ್ಡು ಬರೀತಿದ್ರಿ?"

ಮುದುಕ ನಾಚಿ ತಲೆ ತಗ್ಗಿಸಿದ.

"ಬೇರೆ ಹಾಡಾದ್ರೆ ಮೂವತ್ತು ಹೆಸರಿನ ಜೊತೆ ನಂದೂ ಓದಿ ಮುಗಿಸ್ತಿದ್ರಿ. ಇದಕ್ಕೆ ನಂದೊಂದೇ ಹೆಸರು. ವಾರಕ್ಕೊಂದ್ಸಲನಾದ್ರೂ ಯಾರೋ ನನ್ನ ಹೆಸರು ಹಿಡಿದು ಕರೆದಂಗಾಗ್ತಿತ್ತು, ತಾಯಿ."